ಪರ್ಮಿಷನ್ ಡಿನೈಡ್ ಅಂತ ಬಂದ್ರೆ ಮೊದ್ಲು ಕೇಳ್ಬೇಕಾದ್ದು: ಯಾರಿಗೆ?

ಸೋಮವಾರ ಬೆಳಿಗ್ಗೆ ಏಳೂವರೆಗೆ ಫೋನು. ದಾವಣಗೆರೆ ಎಪಿಎಂಸಿಲಿ ದಲಾಲಿ ಅಂಗಡಿ ಇಟ್ಕೊಂಡಿರೋ ನಮ್ಮ ದೊಡ್ಡಪ್ಪನ ಮಗ, "ತಮ್ಮಾ, ಇವತ್ತು ರೇಟ್ ಬಂದೇ ಇಲ್ಲಲ್ಲೋ" ಅಂದ. ಅವನ ಅಂಗಡಿಯ ಲಿನಕ್ಸ್ ಕಂಪ್ಯೂಟರಲ್ಲಿ ನಾನೊಂದು ಸ್ಕ್ರಿಪ್ಟ್ ಹಾಕಿಟ್ಟಿದ್ದೆ. ಭಾನುವಾರ ಬಿಟ್ಟು ದಿನಾ ಏಳು ಗಂಟೆಗೆ ಅದು ತಾನೇ ಕ್ರೋಮ್ ತೆಗೆದು, ಮಾರುಕಟ್ಟೆ ಧಾರಣೆ ಪುಟಕ್ಕೆ ಹೋಗಿ, ದಾವಣಗೆರೆ, ಹರಿಹರ, ಜಗಳೂರು, ಹೊನ್ನಾಳಿ ಮಾರ್ಕೆಟ್‌ಗಳ ಮೆಕ್ಕೆಜೋಳದ ಕನಿಷ್ಠ ಗರಿಷ್ಠ ರೇಟು ಎತ್ಕೊಂಡು ಒಂದು ಫೈಲಿಗೆ ಬರೀತಿತ್ತು. ಮೂರು ತಿಂಗಳು ಒಂದು ದಿನವೂ ತಪ್ಪಿಸಿರಲಿಲ್ಲ. ಆವತ್ತು ಫೈಲಲ್ಲಿ ಏನೂ ಇಲ್ಲ, ಸ್ಕ್ರೀನ್ ಮೇಲೆ ಎರರ್ ಮಾತ್ರ.

ಅಂಗಡಿಗೆ ಹೋಗಿ ನೋಡಿದ್ರೆ ತಪ್ಪು ನಂದೇ. ಶನಿವಾರ ಸಂಜೆ ಏನೋ ಸಣ್ಣ ಬದಲಾವಣೆ ಮಾಡೋಕೆ ಹೋಗಿ, ಅದು ಓಡದೆ ಇದ್ದಾಗ, ಕ್ರೋಮ್ ತನ್ನ ಸೆಟ್ಟಿಂಗು ಕುಕ್ಕಿ ಎಲ್ಲಾ ಇಟ್ಕೊಳ್ಳೋ ಹಳೇ ಪ್ರೊಫೈಲ್ ಫೋಲ್ಡರ್ ಅಳಿಸಿ, ಹಿಂದೆ ಮುಂದೆ ಯೋಚ್ನೆ ಮಾಡ್ದೆ ಸುಡೊ (ಕಮಾಂಡನ್ನ ಅಡ್ಮಿನ್ ಹಕ್ಕಲ್ಲಿ ಓಡಿಸೋದು) ಹಾಕಿ ರನ್ ಮಾಡಿದ್ದೆ. ಓಡ್ತು. ಓಡ್ತಲ್ಲ ಅಂತ ಮನೆಗೆ ಹೋದೆ. ಆ ಒಂದು ಸುಡೊ ಎರಡು ದಿನ ಬಿಟ್ಟು ಏನು ಮಾಡ್ತು ಅನ್ನೋದನ್ನ ಬಿಡಿಸಿ ಹೇಳಿದ್ರೆ ಬ್ರೌಸರ್ ಆಟೊಮೇಷನ್‌ನ ಅರ್ಧ ಪರ್ಮಿಷನ್ ಎರರ್‌ಗಳು ಅರ್ಥ ಆಗ್ತವೆ, ಅದಕ್ಕೇ ಬರೀತಿದೀನಿ. ನಮ್ಮೂರಲ್ಲಿ ಕಾಲೇಜ್ ಪ್ರಾಜೆಕ್ಟಿಗೆ ಸೆಲೆನಿಯಂ (ಬ್ರೌಸರನ್ನ ಕೋಡಿಂದ ನಡೆಸೋ ಟೂಲು) ಹಾಕ್ಕೊಂಡು ಕೂತಿರೋ ಹುಡುಗ್ರು ಹುಡುಗೀರು ತುಂಬಾ ಜನ ಇದಾರೆ, ಎಲ್ರೂ ಇದೇ ಜಾಗದಲ್ಲಿ ಸಿಕ್ಕಿ ಹಾಕ್ಕೊಳ್ತಾರೆ.

ಮೊದ್ಲು ಒಳಗೆ ಏನು ನಡೀತಿದೆ ಅಂತ ತಿಳ್ಕೊಳ್ರಿ. ನಾವು ಬರೆದಿರೋ ಸ್ಕ್ರಿಪ್ಟ್ ನೇರವಾಗಿ ಕ್ರೋಮ್ ಜೊತೆ ಮಾತಾಡಲ್ಲ. ಮಧ್ಯದಲ್ಲಿ ಡ್ರೈವರ್ ಅಂತ ಒಂದು ಬೇರೆ ಪ್ರೋಗ್ರಾಂ ಇರುತ್ತೆ, ಕ್ರೋಮ್‌ಗೆ ಕ್ರೋಮ್‌ಡ್ರೈವರ್, ಫೈರ್‌ಫಾಕ್ಸ್‌ಗೆ ಗೆಕ್ಕೊಡ್ರೈವರ್. ಸ್ಕ್ರಿಪ್ಟು ಮೊದ್ಲು ಡ್ರೈವರನ್ನ ಎಬ್ಬಿಸುತ್ತೆ, ಡ್ರೈವರು ಒಂದು ಪೋರ್ಟ್ (ಮಾತು ಬಂದು ಹೋಗೋ ನಂಬರಿನ ಕಿಂಡಿ) ಹಿಡ್ಕೊಂಡು ಕೂತ್ಕೊಳುತ್ತೆ, ಆಮೇಲೆ ಅದು ಬ್ರೌಸರನ್ನ ಎಬ್ಬಿಸುತ್ತೆ, ಬ್ರೌಸರ್ ತನ್ನ ಪ್ರೊಫೈಲ್ ಫೋಲ್ಡರ್ ಮಾಡ್ಕೊಂಡು ಸೈಟ್ ತೆಗೆಯುತ್ತೆ. ಸೆಲೆನಿಯಂ ಶುರುವಾಗಿದ್ದು 2004ರಲ್ಲಿ, ಥಾಟ್‌ವರ್ಕ್ಸ್ ಕಂಪನಿಲಿ ಜೇಸನ್ ಹಗ್ಗಿನ್ಸ್ ಅನ್ನೋರಿಂದ, ಆಗ ಈ ಡ್ರೈವರ್ ವ್ಯವಸ್ಥೆ ಇರಲಿಲ್ಲ, ಆಮೇಲೆ ಸ್ಕ್ರಿಪ್ಟು ಡ್ರೈವರು ಹೆಂಗೆ ಮಾತಾಡ್ಬೇಕು ಅನ್ನೋ ವೆಬ್‌ಡ್ರೈವರ್ ಬಂತು, 2018ರ ಜೂನ್‌ನಲ್ಲಿ ವೆಬ್ ಸ್ಟ್ಯಾಂಡರ್ಡ್ ಮಾಡೋ ಸಂಸ್ಥೆ ಡಬ್ಲ್ಯೂ3ಸಿ ಅದನ್ನ ಅಧಿಕೃತ ಸ್ಟ್ಯಾಂಡರ್ಡ್ ಮಾಡ್ತು. ಅದರಿಂದ ನಮಗೇನು ಲಾಭ ಅಂದ್ರೆ ಪೈಥಾನ್‌ನಲ್ಲಿ ಬರೀರಿ, ಜಾವಾದಲ್ಲಿ ಬರೀರಿ, ‘ಸೆಷನ್ ನಾಟ್ ಕ್ರಿಯೇಟೆಡ್’ ಅನ್ನೋ ಎರರ್ ಎಲ್ಲಾ ಕಡೆ ಒಂದೇ ಹೆಸರಲ್ಲಿ ಬರುತ್ತೆ, ಒಂದು ಕಡೆ ಕಲ್ತಿದ್ದು ಇನ್ನೊಂದು ಕಡೆ ಕೆಲ್ಸಕ್ಕೆ ಬರುತ್ತೆ.

ಈ ಸರಪಳಿಲಿ ಒಂದು ವಿಷ್ಯ ಗಟ್ಟಿಯಾಗಿ ಹಿಡ್ಕೋಬೇಕು. ಮೊದ್ಲನೇದನ್ನ ಯಾವ ಯೂಸರ್ ಎಬ್ಬಿಸಿದ್ನೋ ಅದರ ಹಿಂದೆ ಏಳೋದೆಲ್ಲಾ ಅದೇ ಯೂಸರ್ ಹೆಸರಲ್ಲೇ ಓಡುತ್ತೆ. ನೀವು ಟರ್ಮಿನಲ್‌ನಲ್ಲಿ ಓಡಿಸಿದ್ರೆ ನಿಮ್ಮ ಹೆಸರು. ಸುಡೊ ಹಾಕಿದ್ರೆ ರೂಟ್ ಹೆಸರು, ಅಂದ್ರೆ ಎಲ್ಲಾ ಹಕ್ಕೂ ಇರೋ ಅಡ್ಮಿನ್ ಯೂಸರ್. ವೆಬ್ ಸರ್ವರ್ ಒಳಗಿಂದ ಓಡಿದ್ರೆ ಆ ಸರ್ವರ್‌ನ ಸರ್ವಿಸ್ ಯೂಸರ್ ಹೆಸರು. ಅದಕ್ಕೇ ‘ಪರ್ಮಿಷನ್ ಡಿನೈಡ್’ ಅಂತ ಕಂಡ ತಕ್ಷಣ ‘ಪರ್ಮಿಷನ್ ಕೊಡೋದು ಹೆಂಗೆ’ ಅಂತ ಹುಡುಕಬಾರ್ದು. ಯಾರಿಗೆ ಇಲ್ಲ ಅಂದ್ರು, ಯಾವ ಫೈಲಿಗೆ ಇಲ್ಲ ಅಂದ್ರು, ಆ ಫೈಲ್ ಇಟ್ಕೊಂಡು ಏನು ಮಾಡೋಕೆ ಹೋಗಿದ್ದು, ಓದೋಕಾ ಬರಿಯೋಕಾ ಓಡಿಸೋಕಾ, ಇಷ್ಟು ಗೊತ್ತಾದ್ರೆ ಉತ್ತರ ತಾನಾಗೇ ಬರುತ್ತೆ.

ನಂಬರ್‌ಗಳನ್ನೂ ನೋಡ್ಕೊಳ್ರಿ, ಜನ ಅದನ್ನ ಬಿಟ್ಟು ಬರೀ ಇಂಗ್ಲಿಷ್ ಸಾಲು ಓದ್ತಾರೆ. ಲಿನಕ್ಸ್‌ನಲ್ಲಿ ಎರರ್ ನಂಬರ್ 13 ಅಂದ್ರೆ ಪರ್ಮಿಷನ್ ಡಿನೈಡ್, ಸಾಮಾನ್ಯವಾಗಿ ಫೈಲಿನ ಅಥವಾ ಫೋಲ್ಡರಿನ ಅನುಮತಿ ಸಾಲ್ತಿಲ್ಲ ಅಂತ. ನಂಬರ್ 1 ಅಂದ್ರೆ ಆಪರೇಷನ್ ನಾಟ್ ಪರ್ಮಿಟೆಡ್, ಆ ಕೆಲ್ಸವನ್ನೇ ನೀನು ಮಾಡೋ ಹಂಗಿಲ್ಲ ಅಂತ, ಅಲ್ಲಿ ಫೈಲ್ ಪರ್ಮಿಷನ್ ಎಷ್ಟು ಬದಲಾಯಿಸಿದ್ರೂ ಉಪಯೋಗ ಇರಲ್ಲ. ಇನ್ನು ಟರ್ಮಿನಲ್‌ನಲ್ಲಿ ಕಮಾಂಡ್ ಹೊಡೆದಾಗ 127 ಅಂತ ವಾಪಸ್ ಬಂದ್ರೆ ಆ ಪ್ರೋಗ್ರಾಂ ಸಿಕ್ಕೇ ಇಲ್ಲ, 126 ಬಂದ್ರೆ ಸಿಕ್ಕಿದೆ ಆದ್ರೆ ಓಡಿಸೋಕೆ ಆಗ್ಲಿಲ್ಲ. ಈ ಎರಡನ್ನ ಕಲಸಿಕೊಂಡು ಗಂಟೆಗಟ್ಲೆ ಕೂತಿರೋರನ್ನ ನೋಡಿದೀನಿ.

ಸರಿ, ಈ ಎರರ್ ಬರೋ ಜಾಗಗಳನ್ನ ಮೂರು ಬಾಗಿಲು ಅಂದ್ಕೊಳ್ರಿ. ಮೊದಲನೇ ಬಾಗಿಲು, ಡ್ರೈವರ್ ಓಡದೇ ಇರೋದು. ಪೈಥಾನ್‌ನಲ್ಲಿ ‘ಕ್ರೋಮ್‌ಡ್ರೈವರ್ ಎಕ್ಸಿಕ್ಯೂಟಬಲ್ ಮೇ ಹ್ಯಾವ್ ರಾಂಗ್ ಪರ್ಮಿಷನ್ಸ್’ ಅಂತ ಬರ್ತಿತ್ತಲ್ಲ, ಅದು ಇದೇ. ಲಿನಕ್ಸ್‌ನಲ್ಲಿ ಒಂದು ಫೈಲಿಗೆ ಓದೋ ಹಕ್ಕು 4, ಬರಿಯೋ ಹಕ್ಕು 2, ಓಡಿಸೋ ಹಕ್ಕು 1, ಕೂಡಿಸಿದ್ರೆ 7. ಮಾಲೀಕನಿಗೊಂದು ಅಂಕಿ, ಗುಂಪಿಗೊಂದು, ಉಳಿದೋರಿಗೊಂದು, ಹಿಂಗೆ ಮೂರು ಅಂಕಿ. ಡ್ರೈವರ್‌ಗೆ 755 ಇದ್ರೆ ಸಾಕು, ಮಾಲೀಕ ಎಲ್ಲಾ ಮಾಡ್ಬೋದು, ಬೇರೆಯೋರು ಓದ್ಬೋದು ಓಡಿಸ್ಬೋದು. ಬ್ರೌಸರಿನಿಂದ ಝಿಪ್ ಇಳಿಸಿ ಅನ್‌ಝಿಪ್ ಕಮಾಂಡಲ್ಲಿ ಬಿಚ್ಚಿದ್ರೆ ಓಡಿಸೋ ಹಕ್ಕು ಉಳ್ಕೊಳುತ್ತೆ, ಅದೇ ಝಿಪ್ಪನ್ನ ಪೈಥಾನ್‌ನ ಝಿಪ್‌ಫೈಲ್ ಮಾಡ್ಯೂಲ್‌ನಿಂದ ಬಿಚ್ಚಿದ್ರೆ ಆ ಹಕ್ಕು ಕಳೆದು ಹೋಗುತ್ತೆ. ನಿನ್ನೆ ಕೈಯಲ್ಲಿ ಮಾಡ್ದಾಗ ಓಡ್ತಿತ್ತು, ಇವತ್ತು ಅದನ್ನೇ ಕೋಡಲ್ಲಿ ಬರೆದ್ರೆ ಓಡ್ತಿಲ್ಲ ಅಂತ ಯಾರಾದ್ರೂ ತಲೆ ಕೆಡಿಸ್ಕೊಂಡಿದ್ರೆ ಇದನ್ನ ನೋಡ್ರಿ. ಹಕ್ಕು ಬದಲಾಯಿಸೋ ಚ್‌ಮಾಡ್ ಕಮಾಂಡಿಗೆ ಪ್ಲಸ್ ಎಕ್ಸ್ (ಎಕ್ಸ್ ಅಂದ್ರೆ ಓಡಿಸೋ ಹಕ್ಕು) ಹೊಡೆದ್ರೆ ಮುಗೀತು.

ಆದ್ರೆ ಎಷ್ಟೋ ಸಲ ಅದು ಹೊಡೆದ್ರೂ ಮುಗಿಯಲ್ಲ, ಆಗ ಜನ 777 ಕೊಡ್ತಾರೆ, ಅದೂ ಕೆಲ್ಸ ಮಾಡಲ್ಲ, ಆಗ ಕಂಪ್ಯೂಟರ್ ಮೇಲೇ ಬೇಜಾರು. ಯಾಕೆ ಅಂತ ಹೇಳ್ತೀನಿ. ಎಪಿಎಂಸಿಲಿ ಅಣ್ಣನ ಗೋಡೌನ್ ಇದೆ ಅಂದ್ಕೊಳ್ರಿ. ಗೋಡೌನ್ ಒಳಗಿರೋ ಚೀಲ ಎತ್ತೋಕೆ ಹಮಾಲರಿಗೆ ಅನುಮತಿ ಇದೆ. ಆದ್ರೆ ಚೀಲದ ಹತ್ರ ಹೋಗ್ಬೇಕು ಅಂದ್ರೆ ಮೊದ್ಲು ಯಾರ್ಡ್ ಗೇಟ್ ದಾಟಬೇಕು, ಆಮೇಲೆ ಅಂಗಡಿ ಷಟರ್, ಆಮೇಲೆ ಗೋಡೌನ್ ಬಾಗಿಲು. ಇದರಲ್ಲಿ ಒಂದು ಮುಚ್ಚಿದ್ರೂ ಚೀಲದ ಮೇಲೆ ‘ಯಾರು ಬೇಕಾದ್ರೂ ಎತ್ಕೊಳ್ಳಿ’ ಅಂತ ಬರೆದಿದ್ದು ಏನೂ ಉಪಯೋಗಕ್ಕೆ ಬರಲ್ಲ. ಫೋಲ್ಡರ್‌ಗಳೂ ಹಂಗೆ. ಫೋಲ್ಡರ್ ಮೇಲಿರೋ ಎಕ್ಸ್ ಅಂದ್ರೆ ಓಡಿಸೋದಲ್ಲ, ದಾಟಿ ಹೋಗೋ ಹಕ್ಕು. ಫೈಲಿನ ದಾರಿಲಿ ಬರೋ ಪ್ರತಿ ಫೋಲ್ಡರಿಗೂ ಅದು ಇರ್ಬೇಕು. ಲಿನಕ್ಸ್‌ನದ್ದೇ ಒಂದು ರೂಪ ಉಬುಂಟುವಿನಲ್ಲಿ 21.04ರಿಂದ ಹೊಸದಾಗಿ ಮಾಡೋ ಹೋಮ್ ಫೋಲ್ಡರ್‌ಗಳು (ಪ್ರತಿ ಯೂಸರಿನ ಸ್ವಂತ ಫೋಲ್ಡರ್) 750 ಆಗಿ ಬರ್ತವೆ, ಅಂದ್ರೆ ಬೇರೆ ಯೂಸರ್‌ಗಳು ಒಳಗೆ ಕಾಲಿಡೋ ಹಂಗೇ ಇಲ್ಲ. ಡ್ರೈವರನ್ನ ನಿಮ್ಮ ಹೋಮ್‌ನ ಡೌನ್‌ಲೋಡ್ಸ್‌ನಲ್ಲಿ ಇಟ್ಟು ಅದಕ್ಕೆ 777 ಕೊಟ್ಟು, ವೆಬ್ ಸರ್ವರ್‌ನಿಂದ ಓಡಿಸೋಕೆ ಹೋದ್ರೆ ಪರ್ಮಿಷನ್ ಡಿನೈಡ್ ಬಂದೇ ಬರುತ್ತೆ. ನೇಮ್‌ಐ ಅನ್ನೋ ಕಮಾಂಡಿಗೆ ಡ್ಯಾಶ್ ಎಲ್ ಹಾಕಿ ಪೂರ್ತಿ ಪಾತ್ ಕೊಟ್ರೆ ಗೇಟಿಂದ ಗೋಡೌನ್ ತನಕ ಪ್ರತಿ ಬಾಗಿಲ ಮಾಲೀಕ ಯಾರು, ಪರ್ಮಿಷನ್ ಏನು ಅಂತ ಸಾಲು ಸಾಲಾಗಿ ತೋರಿಸುತ್ತೆ. ನನ್ನ ಮಟ್ಟಿಗೆ ಈ ವಿಷ್ಯದಲ್ಲಿ ಇದಕ್ಕಿಂತ ಒಳ್ಳೆ ಕಮಾಂಡ್ ಇಲ್ಲ, ಯಾಕೋ ಯಾರೂ ಹೇಳ್ಕೊಡಲ್ಲ.

777 ಕೊಡೋ ಅಭ್ಯಾಸ ಬಿಟ್ಬಿಡ್ರಿ. ಆ ಫೈಲ್ ತನಕ ಬರೋಕಾಗೋ ಯಾವ ಯೂಸರ್ ಬೇಕಾದ್ರೂ ನಿಮ್ಮ ಡ್ರೈವರ್ ಫೈಲಿನ ಮೇಲೆ ಬೇರೆ ಪ್ರೋಗ್ರಾಂ ಬರೆದಿಡ್ಬೋದು, ಅದನ್ನ ನಿಮ್ಮ ಹೆಸರಲ್ಲೇ ನೀವು ಓಡಿಸ್ತೀರಿ.

ಇನ್ನೆರಡು ಸಂದರ್ಭ. ಪೆನ್‌ಡ್ರೈವ್‌ನಲ್ಲಿ ಡ್ರೈವರ್ ಇಟ್ಕೊಂಡು ಲ್ಯಾಬಿನ ಲಿನಕ್ಸ್ ಮಷೀನ್‌ಗೆ ಹಾಕಿ ಅಲ್ಲಿಂದಲೇ ಓಡಿಸೋಕೆ ನೋಡೋದು. ಪೆನ್‌ಡ್ರೈವ್‌ಗಳಲ್ಲಿರೋ ಫ್ಯಾಟ್ ಫೈಲ್ ಸಿಸ್ಟಂನಲ್ಲಿ ಲಿನಕ್ಸ್ ಪರ್ಮಿಷನ್ ಬರೆದಿಡೋಕೆ ಜಾಗವೇ ಇಲ್ಲ, ಚ್‌ಮಾಡ್ ಎಷ್ಟು ಹೊಡೆದ್ರೂ ಅಷ್ಟೇ. ಹೋಮ್ ಫೋಲ್ಡರಿಗೆ ಕಾಪಿ ಮಾಡ್ಕೊಂಡು ಆಮೇಲೆ ಹೊಡೀರಿ. ಇನ್ನೊಂದು, ಕೆಲವು ಸರ್ವರ್‌ಗಳಲ್ಲಿ ತಾತ್ಕಾಲಿಕ ಫೈಲ್ ಇಡೋ ಟೆಂಪ್ ಫೋಲ್ಡರನ್ನ ‘ನೋ ಎಕ್ಸೆಕ್’ ಅಂತ ಮೌಂಟ್ ಮಾಡಿರ್ತಾರೆ, ಅಂದ್ರೆ ಆ ಜಾಗದಲ್ಲಿರೋ ಯಾವ ಪ್ರೋಗ್ರಾಮೂ ನೇರ ಓಡೋ ಹಂಗಿಲ್ಲ, ಫೈಲ್ ಮೇಲೆ 755 ಅಂತ ಕಂಡ್ರೂ 13ನೇ ಎರರ್ ಬರುತ್ತೆ. ಫೈಂಡ್‌ಮೌಂಟ್ ಕಮಾಂಡಲ್ಲಿ ನೋಡಿದ್ರೆ ಗೊತ್ತಾಗುತ್ತೆ.

ವಿಂಡೋಸ್‌ನಲ್ಲಿ ‘ರಾಂಗ್ ಪರ್ಮಿಷನ್ಸ್’ ಅನ್ನೋ ಮಾತು ಬಹಳ ಸಲ ದಾರಿ ತಪ್ಪಿಸುತ್ತೆ. ಅಲ್ಲಿ ತಪ್ಪು ಪರ್ಮಿಷನ್‌ದಲ್ಲ, ಡ್ರೈವರ್ ಫೈಲಿನ ಪಾತ್ ಕೊಡೋ ಬದ್ಲು ಅದು ಇರೋ ಫೋಲ್ಡರಿನ ಪಾತ್ ಕೊಟ್ಟಿರ್ತೀರಿ, ಫೋಲ್ಡರನ್ನ ಪ್ರೋಗ್ರಾಂ ಥರ ಓಡಿಸು ಅಂದ್ರೆ ವಿಂಡೋಸ್ ‘ಆಕ್ಸೆಸ್ ಈಸ್ ಡಿನೈಡ್’ ಅನ್ನುತ್ತೆ ಅಷ್ಟೇ. ಪಾತಿನ ಕೊನೇಲಿ ಡಾಟ್ ಇಎಕ್ಸ್‌ಇ ಇದೆಯಾ ನೋಡ್ರಿ. ಡ್ರೈವರ್ ಅಪ್‌ಡೇಟ್ ಮಾಡುವಾಗ ಅದೇ ಮಾತು ಬಂದ್ರೆ, ಹಿಂದಿನ ಸಲ ಕ್ರ್ಯಾಶ್ ಆದ ಸ್ಕ್ರಿಪ್ಟಿನ ಡ್ರೈವರು ಇನ್ನೂ ಹಿಂದೆ ಓಡ್ತಾ ಫೈಲ್ ಹಿಡ್ಕೊಂಡಿರುತ್ತೆ. ಟಾಸ್ಕ್ ಮ್ಯಾನೇಜರ್ ತೆಗೆದು ಮುಗಿಸ್ರಿ, ಮತ್ತೆ ಕೋಡಲ್ಲಿ ಏನೇ ಎರರ್ ಬಂದ್ರೂ ಕೊನೇಲಿ ಕ್ವಿಟ್ ಆಗೋ ಹಂಗೆ ಬರ್ಕೊಳ್ರಿ. ಮ್ಯಾಕ್‌ನಲ್ಲಿ ಬ್ರೌಸರಿನಿಂದ ಇಳಿಸಿದ ಫೈಲಿಗೆ ಕ್ವಾರಂಟೈನ್ ಅಂತ ಒಂದು ಗುರುತು ಅಂಟಿರುತ್ತೆ, ಡೆವಲಪರ್ ಯಾರು ಅಂತ ಖಾತ್ರಿ ಮಾಡೋಕಾಗ್ಲಿಲ್ಲ ಅಂತ ತಡೆಯುತ್ತೆ, ಫೈಲ್ ಅಧಿಕೃತ ಜಾಗದಿಂದಲೇ ಬಂದಿದೆ ಅಂತ ಗೊತ್ತಿದ್ರೆ ಎಕ್ಸ್‌ಆಟ್ರ್ ಕಮಾಂಡಲ್ಲಿ ಆ ಗುರುತು ತೆಗೀಬೋದು.

ಈಗ ಇದೆಲ್ಲಾ ಕೈಯಲ್ಲಿ ಮಾಡೋ ಅಗತ್ಯ ಕಡಿಮೆ ಆಗಿದೆ. 2022ರ ನವೆಂಬರ್‌ನಲ್ಲಿ ಬಂದ ಸೆಲೆನಿಯಂ 4.6ರಿಂದ ಸೆಲೆನಿಯಂ ಮ್ಯಾನೇಜರ್ ಜೊತೇಲೇ ಬರುತ್ತೆ, ಬೇಕಾದ ಡ್ರೈವರನ್ನ ಅದೇ ಹುಡುಕಿ ಇಳಿಸಿ, ಓಡಿಸೋ ಹಕ್ಕೂ ಕೊಟ್ಟು, ಹೋಮ್‌ನ ಕ್ಯಾಷ್ ಫೋಲ್ಡರ್ (ಮತ್ತೆ ಬೇಕಾಗೋ ಫೈಲ್ ಇಟ್ಕೊಳ್ಳೋ ಜಾಗ) ಒಳಗೆ ಸೆಲೆನಿಯಂ ಅನ್ನೋ ಹೆಸರಲ್ಲಿ ಇಟ್ಕೊಳುತ್ತೆ. ಸೆಲೆನಿಯಂ ಥರದ್ದೇ ಇನ್ನೊಂದು ಟೂಲು ಪ್ಲೇರೈಟ್ ಕೂಡ ತನ್ನ ಬ್ರೌಸರ್‌ಗಳನ್ನ ಅದೇ ಕ್ಯಾಷ್ ಫೋಲ್ಡರಲ್ಲೇ ಇಡುತ್ತೆ. ಹಾಗಾಗಿ ಹೊಸ ತೊಂದ್ರೆ ಏನಂದ್ರೆ, ಸ್ಕ್ರಿಪ್ಟ್ ಓಡಿಸೋ ಯೂಸರ್‌ಗೆ ಬರಿಯೋಕೆ ಆಗೋ ಹೋಮ್ ಇರ್ಲೇಬೇಕು. ವೆಬ್ ಸರ್ವರ್ ಯೂಸರ್‌ಗಳಿಗೆ ಬಹಳ ಸಲ ಅದು ಇರಲ್ಲ. ಆಗ ಡ್ರೈವರ್ ಎಲ್ಲಿಡೋದು ಅಂತ ನೀವೇ ಒಂದು ಜಾಗ ತೋರಿಸಿ, ಆ ಜಾಗದ ಮಾಲೀಕತ್ವ ಆ ಯೂಸರ್‌ಗೆ ಕೊಡ್ಬೇಕು.

ಎರಡನೇ ಬಾಗಿಲಿಗೆ ಬರ್ತೀನಿ, ನಾನು ಬಿದ್ದಿದ್ದು ಇಲ್ಲೇ. ಡ್ರೈವರ್ ಎದ್ದಿದೆ, ಬ್ರೌಸರ್ ಏಳ್ತಿಲ್ಲ. ಅಣ್ಣನ ಅಂಗಡಿಲಿ ಸ್ಕ್ರೀನ್ ಮೇಲೆ ಇದ್ದಿದ್ದು ‘ಸೆಷನ್ ನಾಟ್ ಕ್ರಿಯೇಟೆಡ್’, ಅದರ ಮುಂದೆ ‘ಡೆವ್‌ಟೂಲ್ಸ್‌ಆಕ್ಟಿವ್‌ಪೋರ್ಟ್ ಫೈಲ್ ಡಸ್‌ನ್ಟ್ ಎಕ್ಸಿಸ್ಟ್’. ನೋಡ್ರಿ, ಪರ್ಮಿಷನ್ ಅನ್ನೋ ಪದ ಎಲ್ಲೂ ಇಲ್ಲ. ಈ ಫೈಲ್ ಏನು ಅಂದ್ರೆ, ಕ್ರೋಮ್ ಎದ್ದ ಮೇಲೆ ತಾನು ಯಾವ ಪೋರ್ಟಲ್ಲಿ ಕೂತಿದೀನಿ ಅಂತ ಪ್ರೊಫೈಲ್ ಫೋಲ್ಡರಲ್ಲಿ ಒಂದು ಚೀಟಿ ಬರೆದಿಡುತ್ತೆ, ಡ್ರೈವರು ಆ ಚೀಟಿಗೆ ಕಾಯ್ತಾ ಇರುತ್ತೆ. ಚೀಟಿ ಸಿಗ್ಲಿಲ್ಲ ಅಂದ್ರೆ ಕ್ರೋಮ್ ಏಳ್ದೇ ಸತ್ತಿದೆ ಅಂತ ಅರ್ಥ, ಯಾಕೆ ಸತ್ತಿದೆ ಅಂತ ಅದರಿಂದ ಗೊತ್ತಾಗಲ್ಲ. ಅದಕ್ಕೆ ಡ್ರೈವರ್‌ಗೆ ವರ್ಬೋಸ್ (ಎಲ್ಲಾ ವಿವರ ಬರಿ) ಅಂತ ಕೊಟ್ಟು ಲಾಗನ್ನ ಒಂದು ಫೈಲಿಗೆ ತಿರುಗಿಸ್ಬೇಕು. ಹಂಗೆ ಮಾಡಿ ನೋಡಿದಾಗ ಅಲ್ಲಿ ಒಂದು ಸಾಲು: ‘ಫೇಲ್ಡ್ ಟು ಕ್ರಿಯೇಟ್’, ಆಮೇಲೆ ಪ್ರೊಫೈಲ್ ಫೋಲ್ಡರಿನ ಪಾತು, ಕೊನೇಲಿ ‘ಸಿಂಗಲ್ಟನ್‌ಲಾಕ್, ಪರ್ಮಿಷನ್ ಡಿನೈಡ್, 13’.

ಸಿಂಗಲ್ಟನ್‌ಲಾಕ್ ಅಂದ್ರೆ ಒಂದು ಪ್ರೊಫೈಲನ್ನ ಒಂದು ಸಲಕ್ಕೆ ಒಂದೇ ಕ್ರೋಮ್ ಬಳಸ್ಲಿ ಅಂತ ಹಾಕೋ ಬೀಗ. ಆ ಬೀಗ ಹಾಕೋಕೇ ಕ್ರೋಮ್‌ಗೆ ಅನುಮತಿ ಸಿಕ್ಕಿಲ್ಲ. ಎಲ್‌ಎಸ್ ಡ್ಯಾಶ್ ಎಲ್ ಹೊಡೆದೆ. ಪ್ರೊಫೈಲ್ ಫೋಲ್ಡರಿನ ಮಾಲೀಕ ರೂಟ್, ಪರ್ಮಿಷನ್ 700. ಶನಿವಾರ ನಾನು ಹಳೇದು ಅಳಿಸಿ ಸುಡೊದಲ್ಲಿ ಓಡಿಸಿದಾಗ ಹೊಸ ಫೋಲ್ಡರ್ ಹುಟ್ಟಿದ್ದು ರೂಟ್ ಹೆಸರಲ್ಲಿ. ಸೋಮವಾರ ಏಳು ಗಂಟೆಗೆ ಕ್ರಾನ್ (ಹೇಳಿದ ಹೊತ್ತಿಗೆ ಸ್ಕ್ರಿಪ್ಟ್ ಎಬ್ಬಿಸೋ ಲಿನಕ್ಸ್ ಸೌಲಭ್ಯ) ಓಡಿಸಿದ್ದು ಅಂಗಡಿಯ ಸಾಮಾನ್ಯ ಯೂಸರ್ ಹೆಸರಲ್ಲಿ. ಅವನಿಗೆ ಒಳಗೆ ಇಣುಕೋಕೂ ಹಕ್ಕಿಲ್ಲ. ಹೊಸ ತಿಂಗಳ ರೇಟ್ ಫೈಲೂ ಶನಿವಾರವೇ ಹುಟ್ಟಿತ್ತು, ಅದೂ ರೂಟ್‌ದೇ, ಕ್ರೋಮ್ ಎದ್ದಿದ್ರೂ ಕೊನೇಲಿ ಅಲ್ಲಿ ಬಿದ್ದೇ ಬೀಳ್ತಿತ್ತು.

ಸುಡೊ ಹಾಕಿದ್ರೆ ಇವತ್ತಿನ ಬೀಗ ಒಡೆಯುತ್ತೆ, ನಾಳೆಗೆ ಇನ್ನೊಂದು ಬೀಗ ಹಾಕಿ ಹೋಗುತ್ತೆ. ಎರರ್ ಬರೋದು ಸುಡೊ ಹಾಕಿದ ದಿನ ಅಲ್ಲ, ಅದನ್ನ ಮರೆತ ಮೇಲೆ, ಅದಕ್ಕೇ ಜನಕ್ಕೆ ಎರಡಕ್ಕೂ ಸಂಬಂಧ ಕಾಣ್ಸಲ್ಲ. ಆ ಫೋಲ್ಡರ್ ಒಳಗೆ ರೂಟ್ ಹೆಸರಲ್ಲಿರೋ ಫೈಲ್‌ಗಳು ಎಷ್ಟಿವೆ ಅಂತ ಫೈಂಡ್ ಕಮಾಂಡಿಗೆ ಯೂಸರ್ ರೂಟ್ ಅಂತ ಕೊಟ್ಟು ಹುಡುಕಿದೆ, ಚ್‌ಓನ್‌ನಿಂದ ಎಲ್ಲಾ ಅಂಗಡಿ ಯೂಸರ್ ಹೆಸರಿಗೆ ವಾಪಸ್ ಮಾಡ್ದೆ, ಹತ್ತು ನಿಮಿಷದ ಕೆಲ್ಸ. ಅಣ್ಣ ಪಕ್ಕದಲ್ಲಿ ಕೂತು ಫೋನಲ್ಲಿ ಬೇರೆ ಮಾರ್ಕೆಟ್‌ನೋರಿಗೆ ರೇಟ್ ಕೇಳ್ತಿದ್ದ, ಹೊರಗಡೆ ಟ್ರ್ಯಾಕ್ಟರ್‌ಗಳು ಆಗ್ಲೇ ಬಂದು ನಿಂತಿದ್ವು.

ಇದೇ ಬಾಗಿಲಲ್ಲಿ ಇನ್ನೊಂದು ದೊಡ್ಡ ವಿಷ್ಯ ಸ್ಯಾಂಡ್‌ಬಾಕ್ಸ್. ಸುಡೊ ಹಾಕಿ ಕ್ರೋಮ್ ಓಡಿಸೋಕೆ ಹೋದ್ರೆ ಅದು ಮೊದ್ಲು ಒಪ್ಪಲ್ಲ, ‘ರನ್ನಿಂಗ್ ಆಸ್ ರೂಟ್ ವಿತೌಟ್ ನೋ ಸ್ಯಾಂಡ್‌ಬಾಕ್ಸ್ ಈಸ್ ನಾಟ್ ಸಪೋರ್ಟೆಡ್’ ಅನ್ನುತ್ತೆ. ನೆಟ್ಟಲ್ಲಿ ಹುಡುಕಿದ್ರೆ ಎಲ್ಲಾ ಕಡೆ ಒಂದೇ ಉತ್ತರ, ನೋ ಸ್ಯಾಂಡ್‌ಬಾಕ್ಸ್ ಅಂತ ಸೇರಿಸಿ. ಶನಿವಾರ ನಾನೂ ಸೇರಿಸಿದ್ದೆ. ಅದು ಏನು ತೆಗೆಯುತ್ತೆ ಅಂತ ತಿಳ್ಕೊಂಡು ಸೇರಿಸ್ರಿ. ಕ್ರೋಮ್ ಪ್ರತಿ ಸೈಟಿನ ಕೋಡನ್ನ ಬೇರೆ ಪ್ರೊಸೆಸ್‌ನಲ್ಲಿ ಕೂಡಿ ಹಾಕಿ, ಅದಕ್ಕೆ ನಿಮ್ಮ ಫೈಲ್‌ಗಳು ಕಾಣ್ದೇ ಇರೋ ಹಂಗೆ ಗೋಡೆ ಕಟ್ಟುತ್ತೆ. ಬ್ರೌಸರಲ್ಲಿ ಯಾವ್ದಾದ್ರೂ ತೂತು ಇದ್ದು ಕೆಟ್ಟ ಪುಟ ಒಂದು ಅದರೊಳಗೆ ನುಗ್ಗಿದ್ರೂ ಆ ಗೋಡೆ ದಾಟಿ ಬರೋದು ಕಷ್ಟ. ಗೋಡೆ ತೆಗೆದು ಮೇಲಿಂದ ರೂಟ್ ಆಗಿ ಓಡಿಸಿದ್ರೆ ಇಡೀ ಕಂಪ್ಯೂಟರ್ ಬಾಗಿಲು ತೆರೆದಿಟ್ಟಂಗೆ. ಅಂಗಡಿ ಕಂಪ್ಯೂಟರಲ್ಲಿ ರೈತರ ಬಿಲ್ಲು, ಬ್ಯಾಂಕ್ ವಿವರ ಎಲ್ಲಾ ಇರುತ್ತೆ. ನಿಮ್ಮದೇ ಪುಟ ಟೆಸ್ಟ್ ಮಾಡ್ತಿದೀರಿ, ಬಿಸಾಕೋ ಕಂಟೇನರ್ (ಉಳಿದ ಮಷೀನಿಂದ ಬೇರೆ ಮಾಡಿಟ್ಟ ಪೆಟ್ಟಿಗೆ) ಒಳಗೆ ಓಡ್ತಿದೆ ಅಂದ್ರೆ ಆ ಮಾತು ಬೇರೆ. ಹೊರಗಿನ ಸೈಟ್ ತೆಗೆಯೋ ಕೆಲ್ಸಕ್ಕೆ ಅದನ್ನ ಹಾಕ್ಬೇಡ್ರಿ.

ಸುಡೊ ಹಾಕ್ದೇ ಸಾಮಾನ್ಯ ಯೂಸರ್ ಆಗಿ ಓಡಿಸಿದ್ರೂ ‘ನೋ ಯೂಸಬಲ್ ಸ್ಯಾಂಡ್‌ಬಾಕ್ಸ್’ ಅಂತ ಬಂದ್ರೆ ನಿಮ್ಮದು ಉಬುಂಟು 24.04 ಇರ್ಬೋದು ನೋಡ್ರಿ. ಕ್ರೋಮ್ ಆ ಗೋಡೆ ಕಟ್ಟೋಕೆ ಲಿನಕ್ಸ್‌ನ ಯೂಸರ್ ನೇಮ್‌ಸ್ಪೇಸ್ ಅನ್ನೋ ಸೌಲಭ್ಯ ಬಳಸುತ್ತೆ. 24.04ರಿಂದ ಉಬುಂಟು ಅದಕ್ಕೆ ಆಪ್‌ಆರ್ಮರ್ ಅನ್ನೋ ಕಾವಲು ವ್ಯವಸ್ಥೆ ಮೂಲಕ ಮಿತಿ ಹಾಕಿದೆ, ಅದರಲ್ಲಿ ಪ್ರೊಫೈಲ್ (ಇದು ನಿಯಮದ ಫೈಲು, ಬ್ರೌಸರ್ ಪ್ರೊಫೈಲ್ ಅಲ್ಲ) ಇರೋ ಪ್ರೋಗ್ರಾಂಗಳಿಗೆ ಮಾತ್ರ ಪೂರ್ತಿ ಸಿಗುತ್ತೆ. ಪ್ಯಾಕೇಜ್‌ನಿಂದ ಸರಿಯಾಗಿ ಇನ್‌ಸ್ಟಾಲ್ ಆದ ಗೂಗಲ್ ಕ್ರೋಮ್‌ಗೆ ಆ ಪ್ರೊಫೈಲ್ ಇದೆ. ಆದ್ರೆ ಪಪೆಟಿಯರ್ ಥರದ ಆಟೊಮೇಷನ್ ಟೂಲು ಹೋಮ್ ಫೋಲ್ಡರ್‌ಗೆ ತಾನೇ ಇಳಿಸ್ಕೊಳ್ಳೋ ಕ್ರೋಮ್‌ಗೆ ಇಲ್ಲ. ಪಾತ್ ನೋಡಿ ಗುರುತು ಹಿಡಿಯೋದ್ರಿಂದ ಅದೇ ಕ್ರೋಮ್ ಆದ್ರೂ ಜಾಗ ಬೇರೆ ಅಂದ್ರೆ ಅನುಮತಿ ಇಲ್ಲ. ಇನ್‌ಸ್ಟಾಲ್ ಆಗಿರೋ ಕ್ರೋಮಿನ ಪಾತ್ ಕೊಡೋದು ಸುಲಭದ ದಾರಿ, ಇಲ್ಲಾ ಅಂದ್ರೆ ನಿಮ್ಮ ಬ್ರೌಸರ್ ಪಾತಿಗೆ ಒಂದು ಆಪ್‌ಆರ್ಮರ್ ಪ್ರೊಫೈಲ್ ಬರೀಬೇಕು. ಕಂಟೇನರ್ ಓಡಿಸೋ ಡಾಕರ್ ಒಳಗೂ ನೇಮ್‌ಸ್ಪೇಸ್ ತಡೆದು ‘ಆಪರೇಷನ್ ನಾಟ್ ಪರ್ಮಿಟೆಡ್’ ಬರುತ್ತೆ, ಅದು ಮೊದ್ಲು ಹೇಳಿದ ನಂಬರ್ 1, ಅಲ್ಲಿ ಚ್‌ಮಾಡ್ ಹೊಡೆಯೋದು ವ್ಯರ್ಥ.

ಡಾಕರ್ ಅಂದ ಮೇಲೆ ಇನ್ನೊಂದು ಮಾತು. ಸೆಲೆನಿಯಂನ ಅಧಿಕೃತ ಇಮೇಜ್ (ಕಂಟೇನರಿನ ರೆಡಿ ಅಚ್ಚು) ಒಳಗೆ ಬ್ರೌಸರ್ ಓಡೋದು 1200 ಅನ್ನೋ ನಂಬರಿನ ಯೂಸರ್ ಆಗಿ. ಡೌನ್‌ಲೋಡ್ ಆದ ಫೈಲ್ ಹೊರಗೆ ಸಿಗ್ಲಿ ಅಂತ ನಿಮ್ಮ ಫೋಲ್ಡರ್ ಜೋಡಿಸಿದ್ರೆ ಅದರ ಮಾಲೀಕ ನೀವು, ನಿಮ್ಮ ನಂಬರ್ ಸಾಮಾನ್ಯವಾಗಿ 1000. ಲಿನಕ್ಸ್ ಹೆಸರು ನೋಡಲ್ಲ, ನಂಬರ್ ನೋಡುತ್ತೆ. ಬ್ರೌಸರ್ ಚೆನ್ನಾಗೇ ಓಡುತ್ತೆ, ಡೌನ್‌ಲೋಡ್ ಮಾತ್ರ ಬರಲ್ಲ. ಆ ಫೋಲ್ಡರನ್ನ 1200ಕ್ಕೆ ಚ್‌ಓನ್ ಮಾಡಿಕೊಡ್ರಿ.

ಫೈರ್‌ಫಾಕ್ಸ್ ಬಳಸೋರಿಗೆ: ಉಬುಂಟು 22.04ರಿಂದ ಫೈರ್‌ಫಾಕ್ಸ್ ಬರೋದು ಸ್ನ್ಯಾಪ್ ರೂಪದಲ್ಲಿ, ಅಂದ್ರೆ ಸುತ್ತ ಬೇಲಿ ಹಾಕಿದ ಪ್ಯಾಕೇಜ್. ಸ್ನ್ಯಾಪ್ ಒಳಗಿರೋ ಪ್ರೋಗ್ರಾಂಗೆ ಅದರದ್ದೇ ಬೇರೆ ಟೆಂಪ್ ಫೋಲ್ಡರ್ ಇರುತ್ತೆ, ಹೊರಗಿನ ಟೆಂಪ್ ಕಾಣಲ್ಲ. ಹೊರಗಿಂದ ಇಳಿಸಿದ ಗೆಕ್ಕೊಡ್ರೈವರ್ ಪ್ರೊಫೈಲನ್ನ ಹೊರಗಿನ ಟೆಂಪಲ್ಲಿ ಮಾಡಿ ‘ಇಲ್ಲಿಟ್ಟಿದೀನಿ’ ಅನ್ನುತ್ತೆ, ಫೈರ್‌ಫಾಕ್ಸು ತನ್ನ ಟೆಂಪಲ್ಲಿ ಹುಡುಕಿ ‘ಪ್ರೊಫೈಲ್ ಸಿಗ್ತಿಲ್ಲ’ ಅನ್ನುತ್ತೆ. ಇಬ್ಬರೂ ಹೇಳೋದು ನಿಜವೇ. ಸ್ನ್ಯಾಪ್ ಜೊತೆ ಬರೋ ಗೆಕ್ಕೊಡ್ರೈವರನ್ನೇ ಬಳಸ್ರಿ, ಅಥವಾ ಪ್ರೊಫೈಲ್ ರೂಟ್ ಅನ್ನೋ ಆಪ್ಷನ್‌ನಿಂದ ಹೋಮ್‌ನಲ್ಲಿ ಒಂದು ಜಾಗ ತೋರಿಸ್ರಿ, ಆ ಫೋಲ್ಡರ್ ಹೆಸರು ಚುಕ್ಕಿಯಿಂದ ಶುರು ಆಗೋ ಹಂಗೆ ಮಾತ್ರ ಇಡ್ಬೇಡ್ರಿ, ಅಂಥದ್ದಕ್ಕೂ ಸ್ನ್ಯಾಪ್‌ಗೆ ಸಾಮಾನ್ಯವಾಗಿ ಪ್ರವೇಶ ಇಲ್ಲ.

ನಿಮ್ಮ ದಿನ ಬಳಕೆಯ ಕ್ರೋಮ್ ಪ್ರೊಫೈಲನ್ನೇ ಆಟೊಮೇಷನ್‌ಗೂ ಕೊಡೋ ಆಸೆ ಎಲ್ರಿಗೂ ಬರುತ್ತೆ, ಲಾಗಿನ್ ಆಗಿರುತ್ತಲ್ಲ ಅಂತ. ಬೇಡ. ಕ್ರೋಮ್ ತೆರೆದಿದ್ರೆ ಪ್ರೊಫೈಲ್ ಆಗ್ಲೇ ಬಳಕೆಯಲ್ಲಿದೆ ಅಂತ ಎರರ್ ಬರುತ್ತೆ, ಮುಚ್ಚಿದ್ರೂ 2025ರಲ್ಲಿ ಬಂದ ಕ್ರೋಮ್ 136ರಿಂದ ಡೀಫಾಲ್ಟ್ ಪ್ರೊಫೈಲ್ ಜಾಗಕ್ಕೆ, ಬ್ರೌಸರನ್ನ ಹೊರಗಿಂದ ನಡೆಸೋಕೆ ಬೇಕಾದ ರಿಮೋಟ್ ಡೀಬಗ್ಗಿಂಗ್ ಸ್ವಿಚ್ ಕೆಲ್ಸ ಮಾಡಲ್ಲ, ಕುಕ್ಕಿ ಕದಿಯೋರನ್ನ ತಡೆಯೋಕೆ ಅಂತಲೇ ಮಾಡಿರೋದು. ಬೇರೆ ಫೋಲ್ಡರ್ ಕೊಡ್ರಿ.

ಮೂರನೇ ಬಾಗಿಲು ಬ್ರೌಸರ್ ಒಳಗಿಂದು. ಸೈಟು ಲೊಕೇಶನ್ ಕೇಳುತ್ತೆ, ನೋಟಿಫಿಕೇಶನ್ ಕೇಳುತ್ತೆ, ಆ ಚಿಕ್ಕ ಪೆಟ್ಟಿಗೆಲಿ ಅಲೋ ಅಂತ ಒತ್ತೋಕೆ ಸ್ಕ್ರಿಪ್ಟಿಗೆ ಬರಲ್ಲ, ಯಾಕಂದ್ರೆ ಆ ಪೆಟ್ಟಿಗೆ ಪುಟದ ಭಾಗ ಅಲ್ಲ, ಬ್ರೌಸರಿನದ್ದು. ಎಷ್ಟು ಎಕ್ಸ್‌ಪಾತ್ (ಪುಟದೊಳಗಿನ ಬಟನ್ ಹುಡುಕೋ ವಿಳಾಸ) ಬರೆದ್ರೂ ಸಿಗಲ್ಲ. ಅದನ್ನ ಮೊದ್ಲೇ ತೀರ್ಮಾನ ಮಾಡಿ ಕಳಿಸ್ಬೇಕು: ಕ್ರೋಮ್‌ನಲ್ಲಿ ಪ್ರೆಫರೆನ್ಸ್ ಆಗಿ 1 ಕೊಟ್ರೆ ಬಿಡು, 2 ಕೊಟ್ರೆ ತಡಿ. ಪ್ಲೇರೈಟ್‌ನಲ್ಲಿ ಗ್ರ್ಯಾಂಟ್ ಪರ್ಮಿಷನ್ಸ್ ಅಂತ ನೇರ ಇದೆ. ಕೊಟ್ಟ ಮೇಲೂ ಲೊಕೇಶನ್ ಸಿಗ್ಲಿಲ್ಲ ಅಂದ್ರೆ ಪುಟದ ಅಡ್ರೆಸ್ ನೋಡ್ರಿ, ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟ್ ಆಗಿರ್ಬೇಕು, ಬರೀ ಎಚ್‌ಟಿಟಿಪಿ ಪುಟಕ್ಕೆ ಬ್ರೌಸರ್ ಲೊಕೇಶನ್ ಕೊಡೋದೇ ಇಲ್ಲ.

ಇನ್ನು 403 ಫರ್ಬಿಡನ್ ಅಂತ ಬಂದ್ರೆ ಅದು ನಿಮ್ಮ ಮಷೀನಿನ ವಿಷ್ಯವೇ ಅಲ್ಲ, ಆ ಕಡೆ ಸರ್ವರ್ ಬೇಡ ಅಂದಿದೆ. ಡ್ರೈವರ್‌ನಿಂದ ಓಡೋ ಬ್ರೌಸರ್ ತಾನು ಆಟೊಮೇಷನ್ ಅಂತ ಸೈಟಿಗೆ ಹೇಳ್ಬೇಕು ಅನ್ನೋದು ಸ್ಟ್ಯಾಂಡರ್ಡ್‌ನಲ್ಲೇ ಇದೆ. ಅದನ್ನ ಮುಚ್ಚಿಟ್ಟು ನುಗ್ಗೋ ಉಪಾಯ ಹೇಳೋರು ಬಹಳ ಜನ ಸಿಗ್ತಾರೆ, ನಾನು ಹೇಳಲ್ಲ. ಬೇರೆಯೋರ ಮನೆ ಬಾಗಿಲು ಅದು. ಸೈಟಿನ ನಿಯಮ ಓದ್ರಿ, ಎಪಿಐ, ಅಂದ್ರೆ ಪ್ರೋಗ್ರಾಂಗಳಿಗೇ ಅಂತ ಕೊಟ್ಟಿರೋ ದಾರಿ, ಇದೆಯಾ ನೋಡ್ರಿ, ದಿನಕ್ಕೆ ಒಂದು ಸಲ ಸಾಕಾಗೋ ಕಡೆ ನಿಮಿಷಕ್ಕೊಂದು ಸಲ ಹೋಗ್ಬೇಡ್ರಿ.

ಅಣ್ಣನ ಅಂಗಡಿಲಿ ಈಗ ಆ ಸ್ಕ್ರಿಪ್ಟಿಗೇ ಅಂತ ಬೇರೆ ಯೂಸರ್ ಮಾಡಿದೀನಿ, ಅವನಿಗೆ ಸುಡೊ ಹಕ್ಕಿಲ್ಲ. ಪ್ರೊಫೈಲು, ಲಾಗು, ರೇಟ್ ಫೈಲು ಮೂರೂ ಅವನ ಹೋಮ್ ಒಳಗೇ. ನೋ ಸ್ಯಾಂಡ್‌ಬಾಕ್ಸ್ ತೆಗೆದು ಹಾಕ್ದೆ. ನಾನು ಏನಾದ್ರೂ ಬದಲಾಯಿಸಿದ್ರೆ ಅವನ ಹೆಸರಲ್ಲೇ ಓಡಿಸಿ ನೋಡ್ತೀನಿ, ನನ್ನ ಹೆಸರಲ್ಲಿ ಅಲ್ಲ, ಯಾಕಂದ್ರೆ ಕ್ರಾನ್ ಓಡಿಸೋದು ಅವನ ಹೆಸರಲ್ಲಿ, ಕ್ರಾನ್‌ಗೆ ನಮ್ಮ ಟರ್ಮಿನಲ್‌ನ ಪಾತು ಸೆಟ್ಟಿಂಗು ಯಾವ್ದೂ ಗೊತ್ತಿರಲ್ಲ. ಸ್ಕ್ರಿಪ್ಟಿನ ಮೊದಲ ಮೂರು ಸಾಲು ಈಗ ಮಾಡೋದು ಇಷ್ಟೇ: ನಾನು ಯಾವ ಯೂಸರ್, ನನ್ನ ಹೋಮ್ ಎಲ್ಲಿ, ನಾನು ಈಗ ಯಾವ ಫೋಲ್ಡರಲ್ಲಿ ನಿಂತಿದೀನಿ, ಇದನ್ನ ಲಾಗಿಗೆ ಬರಿ. ಮಂಗಳವಾರ ಏಳು ಗಂಟೆ ಐದು ನಿಮಿಷಕ್ಕೆ ಅಣ್ಣನ ಫೋನ್ ಬಂತು, "ಬಂತು ನೋಡೋ, ಹರಿಹರದ್ದೂ ಬಂದಿದೆ" ಅಂದ.